‘ಎರಡನೇ ಕಂಪ್ಯೂಟರ್’ ಅಂದವರು ಯಾರು?

ನೆಟ್‌ಬುಕ್ ಸತ್ತುಹೋಯಿತಂತೆ. ಈ ವರ್ಷ, ಅಂದರೆ 2013, ಶುರುವಾಗುತ್ತಿದ್ದ ಹಾಗೇ ಟೆಕ್ ಪತ್ರಿಕೆಗಳೆಲ್ಲ ಅದರ ತಿಥಿ ಊಟ ಉಂಡು ಕೈ ತೊಳೆದುಕೊಂಡವು. 2007ರ ಕೊನೆಯಲ್ಲಿ ಈ ತಳಿಯನ್ನು ಜನಪ್ರಿಯ ಮಾಡಿದ ಏಸಸ್ ಕಂಪನಿಯೇ ತನ್ನ ‘ಈ ಪಿಸಿ’ಗಳನ್ನು ನಿಲ್ಲಿಸುತ್ತಿದೆ. (ಇಂಗ್ಲಿಷಿನಲ್ಲಿ ಮೂರು ‘ಇ’ ಹಾಕಿ ಬರೆಯುವ ಈ ಹೆಸರು ಕನ್ನಡಕ್ಕೆ ಬಂದಾಗ ‘ಈ ಪಿಸಿ’ ಆಗಿಬಿಡುತ್ತೆ. ಯಾವ ಪಿಸಿ ಅಂತ ಕೇಳಬೇಡಿ.) ಪತ್ರಿಕೆಗಳ ತೀರ್ಪು ಹೆಚ್ಚುಕಮ್ಮಿ ಒಂದೇ: ಕೀಬೋರ್ಡ್ ಪುಟ್ಟದು, ಪರದೆ ಗಿಡ್ಡ, ಪ್ರೊಸೆಸರ್ ಆಮೆ, ಟ್ಯಾಬ್ಲೆಟ್ ಬಂತು, ಇದರ ಕಥೆ ಮುಗೀತು. 2010ರಲ್ಲಿ ಐಪ್ಯಾಡ್ ತೋರಿಸುವಾಗ ಸ್ಟೀವ್ ಜಾಬ್ಸ್ ಹೇಳಿದ್ದೂ ಅದೇ, ನೆಟ್‌ಬುಕ್ ಯಾವ ಕೆಲಸದಲ್ಲೂ ಮೇಲಲ್ಲ ಅಂತ.

ನಾನು ಇದನ್ನು ಟೈಪ್ ಮಾಡುತ್ತಿರುವುದು ನಾಲ್ಕು ವರ್ಷ ಹಳೆಯ ಒಂದು ನೆಟ್‌ಬುಕ್‌ನಲ್ಲಿ. ಮೇಲಿನ ದೂರುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ತೀರ್ಪು ಕೊಟ್ಟವರು ಯಾರ ಮೇಜಿನ ಮೇಲೆ ಈ ಯಂತ್ರವನ್ನಿಟ್ಟು ನೋಡಿದರು ಅನ್ನೋದೇ ನನ್ನ ತಕರಾರು. ನೆಟ್‌ಬುಕ್ ಅನ್ನು ಮಾರಿದ್ದು, ವಿಮರ್ಶೆ ಮಾಡಿದ್ದು, ಕೊನೆಗೆ ಹೂತಿದ್ದು ಎಲ್ಲವೂ ‘ಎರಡನೇ ಕಂಪ್ಯೂಟರ್’ ಅನ್ನೋ ಹೆಸರಿನಲ್ಲಿ. ಮನೆಯಲ್ಲಿ ದೊಡ್ಡದೊಂದು ಇದ್ದೇ ಇರುತ್ತೆ, ಇದು ಸೋಫಾ ಮೇಲೆ ಕೂತು ಮೇಲ್ ನೋಡೋಕೆ ಅಂತ. ಮೊದಲನೆಯದು ಯಾರ ಮನೆಯಲ್ಲಿತ್ತು ಸ್ವಾಮಿ?

ಬೆಳಿಗ್ಗೆ ಎಂಟು ಗಂಟೆಗೆ ರಾಜಾಜಿನಗರದ ನವರಂಗ್ ಸ್ಟಾಪಿನಲ್ಲಿ ನಿಂತು ನೋಡಿ. ಬೆನ್ನಿಗೆ ಕಪ್ಪು ಬ್ಯಾಗ್ ಹಾಕಿಕೊಂಡ ನಮ್ಮಂಥವರ ಸಾಲೇ ಇರುತ್ತೆ. ಪ್ರತಿ ಬ್ಯಾಗಿನಲ್ಲೂ ಒಂದು ಲ್ಯಾಪ್‌ಟಾಪ್, ಚಾರ್ಜರ್ ಸೇರಿ ಮೂರು ಕೆಜಿ. ಅದರಲ್ಲಿ ಎಷ್ಟು ಅವರವರದ್ದು? ನನ್ನದಂತೂ ನನ್ನದಲ್ಲ. ಅದಕ್ಕೆ ಆಫೀಸಿನ ಅಸೆಟ್ ಸ್ಟಿಕರ್ ಅಂಟಿಸಿದ್ದಾರೆ. ಅಡ್ಮಿನ್ ಹಕ್ಕು ಇಲ್ಲ, ಬರಹವನ್ನೋ ನುಡಿಯನ್ನೋ ಹಾಕಿಕೊಳ್ಳುವ ಹಾಗಿಲ್ಲ, ಪೆನ್‌ಡ್ರೈವ್ ಚುಚ್ಚಿದರೆ ಐಟಿ ಡಿಪಾರ್ಟ್‌ಮೆಂಟಿನಿಂದ ಮೇಲ್ ಬರುತ್ತೆ. ರಾಜೀನಾಮೆ ಕೊಟ್ಟ ದಿನ ಅದನ್ನು ಕೌಂಟರಿನಲ್ಲಿಟ್ಟು ಸಹಿ ಹಾಕಿ ಬರಬೇಕು. ಕಂಪ್ಯೂಟರಿನಿಂದಲೇ ಅನ್ನ ತಿನ್ನುತ್ತಾ ಆರು ವರ್ಷ ಕಳೆದಿದ್ದರೂ ನನ್ನದು ಅನ್ನೋ ಒಂದು ಕಂಪ್ಯೂಟರ್ ನನ್ನ ಹತ್ತಿರ ಇರಲಿಲ್ಲ. ಇದು ವಿಚಿತ್ರ ಅಂತ ಆಗ ಅನ್ನಿಸಿರಲೂ ಇಲ್ಲ. ಬಿಇ ಓದುವಾಗ ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ಮೂವರು. ಊರಿನಲ್ಲಿ ಅಪ್ಪ ಕಟ್ಟುತ್ತಿದ್ದ ಎಜುಕೇಶನ್ ಲೋನಿನ ಕಂತು. ಆಮೇಲೆ ತಂಗಿಯ ಮದುವೆ. ನಲವತ್ತು ಸಾವಿರ ಕೊಟ್ಟು ‘ಮೊದಲನೇ ಕಂಪ್ಯೂಟರ್’ ಕೊಳ್ಳುವ ಸರದಿ ಬರಲೇ ಇಲ್ಲ.

2008ರ ಜನವರಿಯಲ್ಲಿ ನಮ್ಮ ಎಚ್‌ಸಿಎಲ್ ಕೂಡ 14,000 ರೂಪಾಯಿಯ ಆಸುಪಾಸಿಗೆ ‘ಮೈಲೀಪ್’ ಅನ್ನೋ ಪುಟ್ಟ ಯಂತ್ರ ತಂದಿತ್ತು. ಏಳಿಂಚಿನ ಪರದೆ ನೋಡಿ ಹಿಂದೆ ಸರಿದೆ. 2009ರಲ್ಲಿ ಎಸ್.ಪಿ. ರೋಡಿಗೆ ಹೋಗಿ ಹದಿನಾರು ಸಾವಿರ ಚಿಲ್ಲರೆಗೆ ಹತ್ತಿಂಚಿನದು ತಂದೆ. ಇಂಟೆಲ್ ಆಟಮ್ ಪ್ರೊಸೆಸರ್, 1 ಜಿಬಿ ರ್‍ಯಾಮ್, 160 ಜಿಬಿ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ತೂಕ 1.2 ಕೆಜಿ, ಮೂರು ಬಾಲ್ಯದ ಪಠ್ಯಪುಸ್ತಕದಷ್ಟು.

ಈಗ ವಿಮರ್ಶೆಗೆ ಬರೋಣ. ಇಂಗ್ಲಿಷ್ ಪತ್ರಿಕೆಗಳು ಬೈದದ್ದಕ್ಕಿಂತ ಹೆಚ್ಚು ಬೈಯಬಹುದಾದ ಜಾಗಗಳು ಕನ್ನಡದವನಿಗೆ ಸಿಗುತ್ತವೆ.

ಮೊದಲು ಶಿಫ್ಟ್ ಕೀಲಿ. ಜಾಗ ಉಳಿಸೋಕೆ ಹೋಗಿ ಎಷ್ಟೋ ನೆಟ್‌ಬುಕ್‌ಗಳಲ್ಲಿ ಬಲಗಡೆಯ ಶಿಫ್ಟನ್ನು ಮೊಂಡು ಮಾಡಿ, ಮೇಲ್ಮುಖ ಬಾಣದ ಆಚೆಗೆ ತಳ್ಳಿಬಿಟ್ಟರು. ಇಂಗ್ಲಿಷಿನಲ್ಲಿ ಬರೆಯುವವನಿಗೆ ವಾಕ್ಯಕ್ಕೊಮ್ಮೆ ದೊಡ್ಡಕ್ಷರ ಬೇಕು, ಅಷ್ಟಕ್ಕೇ ಅವನು ಪುಟಗಟ್ಟಲೆ ಗೊಣಗಿದ. ನಮ್ಮ ಕಥೆ ಕೇಳಿ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ದೀರ್ಘಕ್ಕೂ ಶಿಫ್ಟ್, ಮಹಾಪ್ರಾಣಕ್ಕೂ ಶಿಫ್ಟ್. ‘ಆ’ ಇರುವುದು ಎಡಗೈಯ ‘ಎ’ ಕೀಲಿಯಲ್ಲಿ. ಅಂದರೆ ಪ್ರತಿ ‘ಕಾ’, ‘ಮಾ’, ‘ಬಾ’ ಮೂಡಬೇಕಾದರೂ ಬಲಗೈ ಕಿರುಬೆರಳು ಶಿಫ್ಟ್ ಹುಡುಕಿಕೊಂಡು ಹೋಗಬೇಕು. ಹೋದ ಬೆರಳು ಬಾಣದ ಮೇಲೆ ಬೀಳುತ್ತೆ. ಕರ್ಸರ್ ಮೇಲಿನ ಸಾಲಿಗೆ ಜಿಗಿಯುತ್ತೆ. ತಲೆ ಎತ್ತಿ ನೋಡುವಷ್ಟರಲ್ಲಿ ಕೆಳಗಿನ ಸಾಲಿನ ಅರ್ಧ ಮಾತು ಮೇಲಿನ ಸಾಲಿನ ಹೊಟ್ಟೆಯೊಳಗೆ ಸೇರಿಕೊಂಡಿರುತ್ತೆ. ಮೊದಲ ಒಂದು ತಿಂಗಳು ನಾನು ಬರೆದದ್ದೆಲ್ಲ ನವ್ಯ ಕಾವ್ಯದ ಥರ ಇತ್ತು.

ಆಮೇಲೆ ಪರದೆ. 1024ಕ್ಕೆ 600 ಚುಕ್ಕೆ. ಅಗಲಕ್ಕೆ ತೊಂದರೆಯಿಲ್ಲ, ಎತ್ತರ ಸಾಲದು. ಕನ್ನಡಕ್ಕೆ ಬೇಕಾಗಿರೋದು ಎತ್ತರವೇ. ನಮ್ಮ ಅಕ್ಷರ ಮೇಲೆ ತಲೆಕಟ್ಟು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಒತ್ತು ಕಟ್ಟಿಕೊಂಡು ಮಹಡಿ ಮನೆಯ ಹಾಗೆ ನಿಲ್ಲುತ್ತೆ. ಎಕ್ಸ್‌ಪಿ ಜೊತೆ ಬರುವ ತುಂಗಾ ಫಾಂಟಿನಲ್ಲಿ ಅಕ್ಷರ ಸಣ್ಣದು, ಸಾಲಿನ ಅಂತರ ಮಾತ್ರ ಧಾರಾಳ. ಬ್ರೌಸರಿನ ಪಟ್ಟಿಗಳೆಲ್ಲ ತಿಂದು ಬಿಟ್ಟ ಜಾಗದಲ್ಲಿ ಇಂಗ್ಲಿಷಿನ ಇಪ್ಪತ್ತು ಸಾಲು ಹಿಡಿಸಿದರೆ, ನನ್ನ ಯಂತ್ರದಲ್ಲಿ ಕನ್ನಡದ ಹದಿಮೂರು ಹಿಡಿಸುತ್ತಿತ್ತು. ಅಕ್ಷರ ಚಿಕ್ಕದು ಮಾಡಿದರೆ ‘ರಾಷ್ಟ್ರ’, ‘ಸ್ತ್ರೀ’ ಅನ್ನೋ ಪದಗಳ ಕೆಳಗೆ ಇರುವೆ ಸತ್ತು ಬಿದ್ದ ಹಾಗೆ ಕಾಣುತ್ತೆ. ಇನ್ನು ದೊಡ್ಡ ಪರದೆಗೆಂದು ಮಾಡಿದ ಕಿಟಕಿಗಳು ತೆರೆದುಕೊಂಡಾಗ ‘ಓಕೆ’ ಬಟನ್ ಪರದೆಯಿಂದ ಕೆಳಗೆ, ಪಾತಾಳದಲ್ಲಿ. ಲಿನಕ್ಸ್ ಹಾಕಿಕೊಂಡವರು ಆಲ್ಟ್ ಒತ್ತಿ ಕಿಟಕಿಯನ್ನೇ ಮೇಲಕ್ಕೆ ಎಳೆಯುತ್ತಾರೆ. ಎಕ್ಸ್‌ಪಿಯವರು ಟ್ಯಾಬ್ ಒತ್ತುತ್ತಾ ದೇವರ ಮೇಲೆ ಭಾರ ಹಾಕಬೇಕು.

ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಮೂಡಬೇಕಾದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಭಾರತೀಯ ಲಿಪಿಗಳ ಬೆಂಬಲಕ್ಕೆ ಒಂದು ಟಿಕ್ ಹಾಕಬೇಕು. ಹಾಕಿದರೆ ಅದು ಸಿಡಿ ಕೊಡು ಅನ್ನುತ್ತೆ. ನೆಟ್‌ಬುಕ್‌ಗೆ ಸಿಡಿ ಡ್ರೈವೇ ಇಲ್ಲ! ಗೆಳೆಯನ ಡೆಸ್ಕ್‌ಟಾಪಿನಲ್ಲಿ ಸಿಡಿ ಹಾಕಿ, ಬೇಕಾದ ಫೋಲ್ಡರನ್ನು ಪೆನ್‌ಡ್ರೈವಿಗೆ ಇಳಿಸಿ, ತಂದು ತಿನ್ನಿಸಿದ ಮೇಲೆ ‘ನಮಸ್ಕಾರ’ ಅನ್ನೋ ಪದ ನೆಟ್ಟಗೆ ಕೂತಿತು. ಎಂಜಿನಿಯರ್ ಅಲ್ಲದವನು ಏನು ಮಾಡಬೇಕಿತ್ತೋ.

ಇಷ್ಟೆಲ್ಲ ಬೈದ ಮೇಲೂ ನಾನು ಇದರ ಪರ. ಕಾರಣ, ಇದರ ಎಷ್ಟೋ ದೋಷಗಳು ಹುಟ್ಟಿನಿಂದ ಬಂದವಲ್ಲ, ಬೇಕಂತಲೇ ಕೊಟ್ಟವು. 2008ರ ಜೂನ್‌ಗೆ ಎಕ್ಸ್‌ಪಿ ಮಾರಾಟ ನಿಲ್ಲಿಸಬೇಕೆಂದಿದ್ದ ಮೈಕ್ರೋಸಾಫ್ಟ್, ವಿಸ್ಟಾವನ್ನು ಹೊರಲಾರದ ಈ ಪುಟ್ಟ ಯಂತ್ರಗಳು ಲಿನಕ್ಸ್ ಪಾಲಾಗುವುದನ್ನು ಕಂಡು ನೆಟ್‌ಬುಕ್‌ಗಳಿಗೆ ಮಾತ್ರ ಅವಧಿ ಮುಂದೂಡಿತು. ಅಗ್ಗದ ಲೈಸೆನ್ಸಿಗೆ ಷರತ್ತು: ರ್‍ಯಾಮ್ 1 ಜಿಬಿ ದಾಟಬಾರದು, ಪರದೆ ಇಷ್ಟೇ ಇರಬೇಕು, ಡಿಸ್ಕ್ ಇಷ್ಟೇ ಇರಬೇಕು. ಮುಂದೆ ಬಂದ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ವಾಲ್‌ಪೇಪರ್ ಕೂಡ ಬದಲಾಯಿಸುವ ಹಾಗಿರಲಿಲ್ಲ. ಕಾಸು ಕೊಟ್ಟು ತಂದ ಯಂತ್ರಕ್ಕೆ ನಿಮ್ಮೂರಿನ ಕೆರೆಯ ಫೋಟೋ ಹಾಕಲು ಅನುಮತಿ ಇಲ್ಲ. ದುಬಾರಿ ಲ್ಯಾಪ್‌ಟಾಪಿನ ವ್ಯಾಪಾರಕ್ಕೆ ಇದು ಕೈ ಹಾಕದಿರಲಿ ಅಂತ ಕಾಲಿಗೆ ಗುಂಡು ಕಟ್ಟಿ ಬಿಟ್ಟರು. ಆಮೇಲೆ ಓಡಲಿಲ್ಲ ಅಂತ ವಿಮರ್ಶೆ ಬರೆದರು. ಐನೂರು–ಆರುನೂರು ರೂಪಾಯಿ ಕೊಟ್ಟು ರ್‍ಯಾಮ್ 2 ಜಿಬಿ ಮಾಡಿಸಿ, ಲುಬುಂಟು ಹಾಕಿದ ದಿನದಿಂದ ನನ್ನದು ಆಮೆಯಲ್ಲ, ಕನಿಷ್ಠ ಎಮ್ಮೆ.

ತಿಂಗಳಿಗೊಮ್ಮೆ ಯಶವಂತಪುರದಿಂದ ತಿಪಟೂರಿಗೆ ರೈಲು ಹತ್ತುತ್ತೇನೆ. ಸೀಟು ಸಿಕ್ಕರೆ ತುಮಕೂರು ದಾಟುವಷ್ಟರಲ್ಲಿ ಒಂದು ಬರಹದ ಅರ್ಧ ಮುಗಿದಿರುತ್ತೆ. ಹದಿನೈದಿಂಚಿನ ಲ್ಯಾಪ್‌ಟಾಪನ್ನು ಆ ಬೋಗಿಯಲ್ಲಿ ಬಿಚ್ಚಿದರೆ ಪಕ್ಕದವರ ಮೊಣಕೈಗೆ ಮುಚ್ಚಳ ತಾಗಿ ಜಗಳ. ಇದು ತೊಡೆಯ ಮೇಲೆ ಊಟದ ಡಬ್ಬಿಯ ಹಾಗೆ ಕೂರುತ್ತೆ. ಊರಿನಲ್ಲಿ ಕರೆಂಟ್ ಬರೋ ಹೊತ್ತು ಯಾರಿಗೂ ಗೊತ್ತಿಲ್ಲ, ಆರು ಸೆಲ್ಲಿನ ಬ್ಯಾಟರಿ ಐದು ಗಂಟೆ ಎಳೆಯುತ್ತೆ. ಅಪ್ಪನ ಕೊಬ್ಬರಿ ಲೆಕ್ಕ, ಯಾವ ಹರಾಜಿನ ದಿನ ಕ್ವಿಂಟಾಲಿಗೆ ಎಷ್ಟು, ಕೂಲಿ ಎಷ್ಟು, ಎಲ್ಲ ಒಂದು ಶೀಟಿನಲ್ಲಿದೆ, ಕನ್ನಡದಲ್ಲಿ. ಮೊದಲು ನಾನು ಟೈಪ್ ಮಾಡುತ್ತಿದ್ದೆ. ಈಗ ನಾನು ಊರಿಗೆ ಹೋದ ತಕ್ಷಣ ಅಪ್ಪ ಅದನ್ನು ಎಳೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಬೆರಳಿನಲ್ಲಿ ಹೊಡೆಯುತ್ತಾರೆ. ಆಫೀಸಿನ ಲ್ಯಾಪ್‌ಟಾಪನ್ನು ಅವರು ಮುಟ್ಟುತ್ತಿರಲಿಲ್ಲ. ‘ಅದು ಕಂಪನೀದು, ಕೆಟ್ಟರೆ ಕಷ್ಟ’ ಅನ್ನುತ್ತಿದ್ದರು.

ಯಶವಂತಪುರದ ಮಾತು ಬಂತಲ್ಲ, ಅಲ್ಲಿಂದ ಕೂಗಳತೆಯಲ್ಲಿರುವ ಟಾಟಾ ಇನ್‌ಸ್ಟಿಟ್ಯೂಟ್‌ನವರು ಇದೆಲ್ಲಕ್ಕೂ ಮೊದಲೇ ಒಂದು ಪುಟ್ಟ ಕಂಪ್ಯೂಟರ್ ಕನಸು ಕಂಡಿದ್ದರು. ಸಿಂಪ್ಯೂಟರ್. ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮುಂತಾದವರು ಸೇರಿ 1999ರಲ್ಲಿ ಟ್ರಸ್ಟ್ ಕಟ್ಟಿದರು, 2001ರಲ್ಲಿ ಮಾದರಿ ತೋರಿಸಿದರು. ಅಂಗೈಯಗಲದ ಲಿನಕ್ಸ್ ಯಂತ್ರ, ಕಡ್ಡಿಯಿಂದ ಚುಚ್ಚಿ ಕೆಲಸ ಮಾಡೋದು, ಓದಲು ಬಾರದವರಿಗೆ ಭಾರತೀಯ ಭಾಷೆಯಲ್ಲಿ ಓದಿ ಹೇಳುವ ವ್ಯವಸ್ಥೆ. 2004ರಲ್ಲಿ ನಮ್ಮ ಬಿಇಎಲ್ ಅದನ್ನು ‘ಅಮಿಡಾ’ ಹೆಸರಲ್ಲಿ ಮಾಡಿ ಮಾರಿದಾಗ ಆರಂಭದ ಬೆಲೆ ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಭೂಮಿ ಯೋಜನೆಯಲ್ಲಿ ಜಮೀನು ದಾಖಲೆಯ ಕೆಲಸಕ್ಕೂ ಬಳಸಿದ್ದುಂಟು. ಆ ವೇಳೆಗೆ ಮೊಬೈಲ್ ಅಗ್ಗವಾಗುತ್ತಾ ಬಂತು, ಸಿಂಪ್ಯೂಟರ್ ಹಿಂದೆ ಉಳಿಯಿತು.

ಆ ಪ್ರಯತ್ನದ ಬಗ್ಗೆ ನನಗೆ ಗೌರವವಿದೆ. ಭಾಷೆಯನ್ನು ಕೊನೆಗೆ ಅಂಟಿಸದೆ ಮೊದಲಿಗೇ ಯೋಚಿಸಿದ ಯಂತ್ರ ಅದು. ಒಂದು ಮಾತ್ರ ಚುಚ್ಚುತ್ತೆ. ಹಳ್ಳಿಗೊಂದು ಸಿಂಪ್ಯೂಟರ್, ಮನುಷ್ಯನಿಗೊಂದು ಸ್ಮಾರ್ಟ್ ಕಾರ್ಡ್ ಅನ್ನೋದು ಅದರ ಲೆಕ್ಕ. ಸರದಿಯಲ್ಲಿ ಬಂದು, ಕಾರ್ಡ್ ತೂರಿಸಿ, ಕೆಲಸ ಮುಗಿಸಿ, ಮುಂದಿನವನಿಗೆ ಬಿಟ್ಟುಕೊಡೋದು. ಬಡವರ ಲೆಕ್ಕ ಹಾಕುವಾಗ ಅದು ಸರಿ. ಆದರೆ ನೀರಿನ ನಲ್ಲಿಯ ಹತ್ತಿರ ನಿಂತು ಡೈರಿ ಬರೆಯೋಕಾಗುತ್ತಾ? ನಗರದವನಿಗೆ ಎರಡನೇ ಕಂಪ್ಯೂಟರ್, ಹಳ್ಳಿಯವನಿಗೆ ಕಂಪ್ಯೂಟರಿನ ನೂರನೇ ಒಂದು ಪಾಲು. ನಡುವೆ ಒಂದು, ಬರೀ ಒಂದು ಬೇಕಿದ್ದವರನ್ನು ಯಾರೂ ನೆನೆಸಿಕೊಳ್ಳಲಿಲ್ಲ. ನೆಟ್‌ಬುಕ್ ಅಕಸ್ಮಾತ್ತಾಗಿ ಆ ಜಾಗಕ್ಕೆ ಬಂದು ಬಿದ್ದಿತ್ತು.

ಟ್ಯಾಬ್ಲೆಟ್ ಆ ಜಾಗ ತುಂಬುತ್ತೆ ಅನ್ನೋರಿಗೆ ನನ್ನ ಪ್ರಶ್ನೆ ಸರಳ: ಅದರಲ್ಲಿ ನೀವು ಹೋದ ವಾರ ಎಷ್ಟು ಪುಟ ಓದಿದಿರಿ, ಎಷ್ಟು ಪುಟ ಬರೆದಿರಿ? ಸರ್ಕಾರ 2011ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟ್‌ನಲ್ಲಿ ಇದ್ದದ್ದು ಆಂಡ್ರಾಯ್ಡ್ 2.2. ಗೂಗಲ್ ಕನ್ನಡ ಲಿಪಿಗೆ ಬೆಂಬಲ ಸೇರಿಸಿದ್ದು 2012ರ 4.1ರಲ್ಲಿ. ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಕನ್ನಡ ಅಂದರೆ ಸಾಲು ಸಾಲು ಖಾಲಿ ಚೌಕ. ಚೌಕದ ಸಮಸ್ಯೆ ಕಾಲಕ್ರಮೇಣ ಹೋಗುತ್ತೆ, ಒಪ್ಪಿದೆ. ಅಮ್ಮನಿಗೆ ಹಳೇ ಹಾಡು ನೋಡೋಕೆ ಟ್ಯಾಬ್ಲೆಟ್‌ನಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ, ಅದನ್ನೂ ಒಪ್ಪಿದೆ. ಆದರೆ ಗಾಜಿನ ಮೇಲೆ ‘ಶಾಸ್ತ್ರ’ ಅಂತ ಬೆರಳೊತ್ತಿ ಒಂದು ಪ್ರಬಂಧ ಬರೆಯಲು ಹೇಳಿ ನೋಡಿ. ಕೀಬೋರ್ಡ್ ತೆಗೆದುಹಾಕಿದವರು ತಾವು ಏನನ್ನೂ ಕಳೆದುಕೊಳ್ಳಲಿಲ್ಲ; ಅವರ ಮೇಜಿನ ಮೇಲೆ ಆ ಮೊದಲನೇ ಕಂಪ್ಯೂಟರ್ ಇದ್ದೇ ಇದೆ.

ಈ ಮಾತು ಈಗ ಏಕೆಂದರೆ, ಊರಿನಲ್ಲಿ ಚಿಕ್ಕಪ್ಪನ ಮಗಳು ತುಮಕೂರಿನಲ್ಲಿ ಪತ್ರಿಕೋದ್ಯಮ ಓದಲು ಸೇರಿದ್ದಾಳೆ. ‘ಹದಿನೈದು, ಹದಿನಾರು ಸಾವಿರದೊಳಗೆ ಒಂದು ಕೊಡಿಸಪ್ಪ’ ಅಂತ ಚಿಕ್ಕಪ್ಪ ಕೊಬ್ಬರಿ ಮಾರಿದ ದುಡ್ಡು ಕೊಟ್ಟಿದ್ದಾರೆ. ನಾಲ್ಕು ವರ್ಷದ ಹಿಂದೆ ಆ ದುಡ್ಡಿಗೆ ಹೊಸ ಯಂತ್ರ ಬರುತ್ತಿತ್ತು. ಈಗ ಅಂಗಡಿಯವನು ಒಂದು ಕಡೆ ಏಳು ಸಾವಿರದ ಟ್ಯಾಬ್ಲೆಟ್ ಇಡುತ್ತಾನೆ, ಇನ್ನೊಂದು ಕಡೆ ಇಪ್ಪತ್ತೆಂಟು ಸಾವಿರದ ಲ್ಯಾಪ್‌ಟಾಪ್. ಇಂಟೆಲ್ ಈಗ ಉತ್ಸಾಹದಿಂದ ತೋರಿಸುತ್ತಿರುವ ಅಲ್ಟ್ರಾಬುಕ್ ತೆಳ್ಳಗೆ, ಹಗುರಾಗಿ, ಬಲು ಚೆನ್ನಾಗಿದೆ. ಬೆಲೆ ಐವತ್ತು ಸಾವಿರದ ಮೇಲೆ.

ಎರಡು ಶನಿವಾರ ಎಸ್.ಪಿ. ರೋಡ್ ಸುತ್ತಿದೆ. ಸೆಕೆಂಡ್ ಹ್ಯಾಂಡ್ ಹತ್ತಿಂಚಿನದೊಂದು ಎಂಟು ಸಾವಿರಕ್ಕೆ ಸಿಕ್ಕಿತು, ಬಲಗಡೆಯ ಶಿಫ್ಟ್ ಉದ್ದಕ್ಕಿದೆ ಅಂತ ಮೊದಲು ನೋಡಿಕೊಂಡೆ. ಎಕ್ಸ್‌ಪಿಗೆ ಮುಂದಿನ ಏಪ್ರಿಲ್‌ಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲುತ್ತೆ, ಆದ್ದರಿಂದ ಅದನ್ನು ಒರೆಸಿ ಲುಬುಂಟು ಹಾಕಿದೆ. ಲೋಹಿತ್ ಕನ್ನಡ ಫಾಂಟ್, ಐಬಸ್‌ನಲ್ಲಿ ಕೆ.ಪಿ. ರಾವ್ ವಿನ್ಯಾಸ. ಬ್ಯಾಟರಿ ಒಂದೂವರೆ ಗಂಟೆಗೆ ಮಲಗುತ್ತೆ. ಹೊಸ ಬ್ಯಾಟರಿ ಕೇಳಿದರೆ, ‘ಸರ್, ಕಂಪನಿ ಮಾಡೋದೇ ನಿಲ್ಸಿದೆ, ಡೂಪ್ಲಿಕೇಟ್ ಕೊಡ್ಲಾ?’ ಅಂದರು. ಒರಿಜಿನಲ್ ಎಲ್ಲಾದರೂ ಕಂಡರೆ ತಿಳಿಸಿ, ಮುಂದಿನ ತಿಂಗಳು ಅವಳಿಗೆ ಕೊಡಬೇಕು.