ಎಂಟು ತಟ್ಟೆಗಳ ಋಣ

ಗಾಯಕನ ಕಂಠದಿಂದ ಹಾಡನ್ನು ಕೇಳುವುದು ಒಂದು ಸುಖ; ಯಾವ ಹಾಡುಗಳನ್ನು ಕೇಳಿ ತಾನು ಗಾಯಕನಾದನೆಂಬುದನ್ನು ಅವನ ಬಾಯಿಂದಲೇ ಕೇಳುವುದು ಇನ್ನೊಂದು ಸುಖ. ಮೊದಲನೆಯದು ರಸದ ಆಸ್ವಾದ; ಎರಡನೆಯದು ರಸದ ಉಗಮವನ್ನರಸಿ ಹೊಳೆಯ ಮೇಲ್ಮುಖವಾಗಿ ನಡೆಯುವ ಯಾತ್ರೆ. ಕನ್ನಡದ ಪ್ರಾಚೀನ ಕವಿಗಳಲ್ಲಿ ಅನೇಕರು ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸಿ ಮುಂದುವರಿದರು. ಅದು ಬರಿಯ ಉಪಚಾರವಲ್ಲ, ಋಣದ ಅಂಗೀಕಾರ. ಸಂಗೀತಗಾರನಿಗಾದರೋ ಅಂಥ ಪೀಠಿಕೆಯನ್ನು ರಚಿಸುವ ಅವಕಾಶವಿಲ್ಲ. ಅವನ ಕೃತಿ ನಾದರೂಪದ್ದು. ಅದರ ಮೊದಲಲ್ಲಿ ಸ್ಮರಣೆಯ ಪದ್ಯಗಳನ್ನು ಜೋಡಿಸಲಾಗದು. ಈ ಕೊರತೆಯನ್ನು ಇಂದು ಒಂದು ಮಟ್ಟಿಗೆ ತುಂಬುತ್ತಿರುವುದು ಪಾಡ್‌ಕಾಸ್ಟ್ ಎಂಬ ಹೊಸ ಶ್ರವ್ಯಪ್ರಕಾರ. ಗೊತ್ತಾದ ಹೊತ್ತಿಗೆ ರೇಡಿಯೋವಿನ ಮುಂದೆ ಕಾದು ಕುಳಿತಿರುವ ಬಂಧನ ಇದರಲ್ಲಿಲ್ಲ. ಕೇಳುವವನು ತನ್ನ ಬಿಡುವಿನಲ್ಲಿ ತನಗೆ ಬೇಕಾದಷ್ಟು ಸಲ ಕೇಳಬಹುದು. ತಮ್ಮನ್ನು ರೂಪಿಸಿದ ಹಾಡುಗಳನ್ನು ಕುರಿತು ಸಂಗೀತಗಾರರು ನಡೆಸುವ ಸಂಭಾಷಣೆಗಳು ಈ ಪ್ರಕಾರದಲ್ಲಿ ಹೇರಳವಾಗಿವೆ. ಅವುಗಳ ಬೆಲೆಯೆಷ್ಟು, ಕೊರತೆಯೇನು ಎಂಬುದು ವಿಚಾರಾರ್ಹವಾದ ಸಂಗತಿ.

ಇವೆಲ್ಲಕ್ಕೂ ಹಿರಿಯಕ್ಕನಂತಿರುವುದು ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯ 'ಡೆಸರ್ಟ್ ಐಲೆಂಡ್ ಡಿಸ್ಕ್ಸ್', ಎಂದರೆ 'ನಿರ್ಜನ ದ್ವೀಪದ ತಟ್ಟೆಗಳು'. ರಾಯ್ ಪ್ಲಾಮ್ಲಿ ಎಂಬವರು 1941ರಲ್ಲಿ ಕಲ್ಪಿಸಿದ ಈ ಕಾರ್ಯಕ್ರಮ ಮೊದಲು ಪ್ರಸಾರವಾದದ್ದು 1942ರ ಜನವರಿ 29ರಂದು, ಎರಡನೆಯ ಮಹಾಯುದ್ಧದ ನಡುವೆ. ಮೊದಲ ಅತಿಥಿ ವಿಕ್ ಆಲಿವರ್ ಹಾಸ್ಯನಟ, ಸಂಗೀತವನ್ನೂ ಬಲ್ಲವನು. ಅಂದು ಮಾತುಗಳನ್ನು ಮುಂಚಿತವಾಗಿ ಬರೆದಿಟ್ಟು ಓದುತ್ತಿದ್ದರು. ಸಹಜ ಸಂಭಾಷಣೆಯ ಪದ್ಧತಿ ಅನಂತರ ಬಂದಿತು. ಪ್ಲಾಮ್ಲಿ 1985ರಲ್ಲಿ ತೀರಿಕೊಳ್ಳುವವರೆಗೂ ತಾವೇ ಅದನ್ನು ನಡೆಸಿದರು. ಅವರ ತರುವಾಯ ಮೈಕೇಲ್ ಪಾರ್ಕಿನ್ಸನ್, ಸ್ಯೂ ಲಾಲಿ, ಕರ್ಸ್ಟಿ ಯಂಗ್ ಇವರ ಕೈ ದಾಟಿ, 2018ರಲ್ಲಿ ಲಾರೆನ್ ಲವರ್ನ್ ಅವರ ಕೈಗೆ ಬಂದಿತು. ರೇಡಿಯೋವಿನಲ್ಲಿ ಹುಟ್ಟಿದ ಈ ಕೂಸು ಈಗ ಪಾಡ್‌ಕಾಸ್ಟಿನ ರೂಪದಲ್ಲಿ ಲೋಕಸಂಚಾರ ಮಾಡುತ್ತಿದೆ. ಅತಿಥಿಗಳೆಲ್ಲರೂ ಸಂಗೀತಗಾರರಲ್ಲ, ಮಂತ್ರಿಗಳೂ ವಿಜ್ಞಾನಿಗಳೂ ಆಟಗಾರರೂ ಬಂದಿದ್ದಾರೆ. ಆದರೆ ಸಂಗೀತಗಾರನು ಬಂದಾಗ ಪ್ರಶ್ನೆಗೆ ಬೇರೆಯೇ ಒಂದು ತೂಕ ಬರುತ್ತದೆ. ಉಳಿದವರಿಗೆ ಹಾಡು ಬಾಳಿನ ಅಲಂಕಾರ. ಅವನಿಗೆ ಅದು ಬಾಳಿನ ಬೇರು.

ಕಾರ್ಯಕ್ರಮದ ಕಟ್ಟಳೆ ಸರಳವಾದುದು. ಅತಿಥಿ ಒಂಟಿಯಾಗಿ ಒಂದು ದ್ವೀಪದಲ್ಲಿ ಸಿಕ್ಕಿಕೊಂಡಿದ್ದಾನೆ. ಅವನ ಸಂಗಡ ಎಂಟು ತಟ್ಟೆಗಳು ಮಾತ್ರ ಇರಬಹುದು. ಅವು ಯಾವುವು, ಏಕೆ? ಬೈಬಲ್ಲು ಅಥವಾ ಬೇರೊಂದು ಧರ್ಮಗ್ರಂಥ, ಶೇಕ್ಸ್‌ಪಿಯರನ ಸಮಗ್ರ ಕೃತಿಗಳು, ಇವುಗಳ ಜೊತೆಗೆ ತಾನು ಮೆಚ್ಚಿದ ಒಂದು ಪುಸ್ತಕ, ನಿತ್ಯದ ಉಪಯೋಗಕ್ಕೆ ಬಾರದ ಒಂದು ಭೋಗವಸ್ತು ಇವೂ ಅವನಿಗೆ ದೊರೆಯುತ್ತವೆ. ಕೊನೆಗೆ ಎಂಟರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾದರೆ ಯಾವುದನ್ನು ಉಳಿಸುವೆಯೆಂದು ಕೇಳುತ್ತಾರೆ. ಮಕ್ಕಳಾಟದಂತೆ ತೋರುವ ಈ ಕಟ್ಟಳೆಯಲ್ಲಿ ಎರಡು ಗುಣಗಳಿವೆ. ಎಂಟೆಂಬ ಮಿತಿಯಿರುವುದರಿಂದ ದಾಕ್ಷಿಣ್ಯಕ್ಕೆ ಎಡೆಯಿಲ್ಲ; ಹತ್ತು ಜನರನ್ನು ಸಂತೋಷಪಡಿಸಲು ಹತ್ತು ಹೆಸರು ಹೇಳುವಂತಿಲ್ಲ. ದ್ವೀಪವು ನಿರ್ಜನವಾದುದರಿಂದ ಪ್ರದರ್ಶನಕ್ಕೂ ಎಡೆಯಿಲ್ಲ. ಅಲ್ಲಿ ಚಪ್ಪಾಳೆ ತಟ್ಟುವವರಿಲ್ಲ, ತಲೆದೂಗುವವರಿಲ್ಲ. ಮರದಡಿಯಲ್ಲಿ ಒಬ್ಬನೇ ಕುಳಿತು ಕೇಳುವ ಹಾಡು ಯಾವುದೋ ಅದೇ ಮನುಷ್ಯನ ನಿಜವಾದ ಹಾಡು.

1982ರ ಜನವರಿಯಲ್ಲಿ, ಕಾರ್ಯಕ್ರಮಕ್ಕೆ ನಾಲ್ವತ್ತು ತುಂಬಿದ ಸಂದರ್ಭದಲ್ಲಿ, ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಆಯ್ದ ಎಂಟು ತಟ್ಟೆಗಳು ಈ ಪ್ರಕಾರದ ಶಕ್ತಿಯನ್ನು ತಿಳಿಯಲು ಒಳ್ಳೆಯ ನಿದರ್ಶನ. ಮೊದಲನೆಯದು ಎಲ್ವಿಸ್ ಪ್ರೆಸ್ಲಿಯ 'ಹಾರ್ಟ್‌ಬ್ರೇಕ್ ಹೋಟೆಲ್'. ಅದರೊಡನೆ ಚಕ್ ಬೆರಿ, ಜೀನ್ ವಿನ್ಸೆಂಟ್, ಕೋಸ್ಟರ್ಸ್ ತಂಡ, ಲಿಟಲ್ ರಿಚರ್ಡ್ ಇವರ ತಟ್ಟೆಗಳು ಒಂದೊಂದು. ಐದೂ ಅವನ ಹದಿಹರೆಯದ ದಿನಗಳಲ್ಲಿ ಅಮೆರಿಕದಿಂದ ಲಿವರ್‌ಪೂಲಿಗೆ ಬಂದ ಧ್ವನಿಗಳು. ಆರನೆಯದು ಜೂಲಿಯನ್ ಬ್ರೀಮ್ ನುಡಿಸಿದ, ಬೆಂಜಮಿನ್ ಬ್ರಿಟನ್ನನ 'ಗ್ಲೋರಿಯಾನಾ' ಗೀತನಾಟಕದ ನೃತ್ಯಗಳು. ಏಳನೆಯದನ್ನು ರಚಿಸಿದವನು ಮೆಕಾರ್ಟ್ನಿಯ ತಂದೆ ಜಿಮ್. ಆತ 1920ರ ದಶಕದಲ್ಲಿ ತನ್ನದೇ ಒಂದು ಜ್ಯಾಜ್ ತಂಡವನ್ನು ನಡೆಸಿದವನು. ಆತ ಕಟ್ಟಿದ ಒಂದು ಮಟ್ಟನ್ನು ಮಗನು 1974ರಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಚೆಟ್ ಆಟ್ಕಿನ್ಸ್, ಫ್ಲಾಯ್ಡ್ ಕ್ರೇಮರ್ ಎಂಬ ಹೆಸರಾಂತ ವಾದಕರ ಜೊತೆ ನುಡಿಸಿ ತಟ್ಟೆಗೇರಿಸಿದನು. ಎಂಟನೆಯದು ಜಾನ್ ಲೆನನ್ ತನ್ನ ಚಿಕ್ಕ ಮಗನನ್ನು ಕುರಿತು ಹಾಡಿದ, 1980ರಲ್ಲಿ ಹೊರಬಂದ 'ಬ್ಯೂಟಿಫುಲ್ ಬಾಯ್'. ಉಳಿಸಿಕೊಳ್ಳುವುದಾದರೆ ಇದೊಂದನ್ನೇ ಎಂದು ಮೆಕಾರ್ಟ್ನಿ ಹೇಳಿದನು. ಬೀಟಲ್ಸ್ ತಂಡದ ತಟ್ಟೆ ಎಂಟರಲ್ಲಿ ಒಂದೂ ಇಲ್ಲ.

ಈ ಎಂಟನ್ನು ಬರಿಯ ಅಭಿರುಚಿಯ ಪಟ್ಟಿಯೆಂದು ಓದಿದರೆ ಅದರ ಅರ್ಥ ಕೈಗೆ ಸಿಕ್ಕದು. ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೂ ಋಷಿಗಳಿಗೂ ಪಿತೃಗಳಿಗೂ ಸಹಮಾನವರಿಗೂ ಋಣಿಯಾಗಿ ಹುಟ್ಟುತ್ತಾನೆಂದು ಶತಪಥ ಬ್ರಾಹ್ಮಣವು ಹೇಳುತ್ತದೆ. ಇವುಗಳಲ್ಲಿ ಋಷಿಋಣ ತೀರುವುದು ಕಲಿಕೆಯಿಂದ. ಆ ಅಮೆರಿಕದ ಐವರು ಮೆಕಾರ್ಟ್ನಿಗೆ ಋಷಿಸ್ಥಾನದಲ್ಲಿದ್ದವರು. ಅವರಿಂದ ಅವನು ವಿದ್ಯೆಯನ್ನು ಪಡೆದನು. ತಂದೆಯ ಮಟ್ಟನ್ನು ತಟ್ಟೆಗೇರಿಸಿದುದು ಪಿತೃಋಣದ ಸಂದಾಯ. ಲೆನನ್ನನ ಹಾಡಿನ ಋಣ ಬೇರೆಯ ಬಗೆಯದು. ಆ ಹಾಡು ಹುಟ್ಟುವ ವೇಳೆಗೆ ಮೆಕಾರ್ಟ್ನಿ ಲೋಕವಿಖ್ಯಾತನಾಗಿದ್ದನು. ಅವನ ಶೈಲಿಯನ್ನು ಅದು ರೂಪಿಸಿತೆನ್ನುವಂತಿಲ್ಲ. ಬೀಟಲ್ಸ್ ತಂಡವು 1970ರಲ್ಲಿ ಒಡೆದಮೇಲೆ ಗೆಳೆಯರಿಬ್ಬರೂ ಹಾಡುಗಳಲ್ಲಿಯೇ ಒಬ್ಬರನ್ನೊಬ್ಬರು ಕಟಕಿಯಾಡಿಕೊಂಡಿದ್ದರು. ಲೆನನ್ನನು 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಗುಂಡೇಟಿಗೆ ಬಲಿಯಾದನು. ಅದಾಗಿ ಹದಿನಾಲ್ಕು ತಿಂಗಳೊಳಗಾಗಿ ಮೆಕಾರ್ಟ್ನಿ ಸಾವಿರ ಹಾಡುಗಳ ನಡುವಿನಿಂದ ಆ ಗೆಳೆಯನ ಜೋಗುಳವೊಂದನ್ನು ಎತ್ತಿಕೊಂಡನು. ಶೋಕದ ದೀರ್ಘ ಭಾಷಣವೊಂದರಲ್ಲಿ ಹೇಳಲಾಗದುದನ್ನು ಆಯ್ಕೆಯೊಂದೇ ಹೇಳಿತು. ಹಾಡು ಸಂಗೀತಗಾರನ ಕೈಯನ್ನು ಮಾತ್ರವಲ್ಲ, ಅವನ ಬಾಳನ್ನೂ ರೂಪಿಸುತ್ತದೆಂಬುದು ಇಲ್ಲಿ ತಾನಾಗಿ ವ್ಯಕ್ತವಾಗುತ್ತದೆ. ಪ್ರಶ್ನೆ ಚಿಕ್ಕದು, ಉತ್ತರ ಅದಕ್ಕಿಂತ ದೊಡ್ಡದು. ಒಳ್ಳೆಯ ಸಂಭಾಷಣೆಯ ಲಕ್ಷಣವೇ ಇದು.

ತಟ್ಟೆಯೇ ಗುರುವಾಗುವ ಸಂಗತಿ ಕನ್ನಡಿಗರಿಗೆ ಹೊಸದಲ್ಲ. ಗದುಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆಯನ್ನು ಕೇಳಿ ಮರುಳಾದುದೂ, 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟು ಹೊರಟುದೂ ಸಂಗೀತಪ್ರಿಯರೆಲ್ಲರೂ ಬಲ್ಲ ಕಥೆ. ಊರೂರು ಅಲೆದು ಬಂದಮೇಲೆ ಅವರಿಗೆ ದೊರೆತ ಗುರು ಕುಂದಗೋಳದ ಸವಾಯಿ ಗಂಧರ್ವರು, ಆ ತಟ್ಟೆಯಲ್ಲಿ ಹಾಡಿದ ಖಾನಸಾಹೇಬರ ಶಿಷ್ಯರೇ. ಗದುಗು ಎಲ್ಲಿ, ಲಿವರ್‌ಪೂಲ್ ಎಲ್ಲಿ! ಎರಡೆಡೆಯೂ ಯಂತ್ರದೊಳಗಿನ ಕಂಠವೊಂದು ಒಬ್ಬ ಹುಡುಗನನ್ನು ಕರೆಯಿತು. ಆದರೆ ಕರೆಯ ಫಲ ಬೇರೆ ಬೇರೆ. ಲಿವರ್‌ಪೂಲಿನ ಹುಡುಗನಿಗೆ ತಟ್ಟೆಯೇ ಪಾಠಶಾಲೆಯಾಯಿತು. ಅದನ್ನು ಮತ್ತೆ ಮತ್ತೆ ಕೇಳಿ, ಅನುಕರಿಸಿ, ಕಡೆಗೆ ಅನುಕರಣವನ್ನು ಮೀರಿ ಅವನು ತನ್ನ ದಾರಿಯನ್ನು ಕಂಡನು. ಗದುಗಿನ ಹುಡುಗನಿಗೆ ತಟ್ಟೆಯು ಪಾಠಶಾಲೆಯ ಬಾಗಿಲನ್ನು ತೋರಿಸಿತು. ವಿದ್ಯೆ ದೊರೆತದ್ದು ಗುರುವಿನ ಸನ್ನಿಧಿಯಲ್ಲಿ, ವರ್ಷಗಳ ಸೇವೆಯಿಂದ. ಆದಕಾರಣ 'ನಿನ್ನನ್ನು ರೂಪಿಸಿದ ಹಾಡು ಯಾವುದು' ಎಂಬ ಪ್ರಶ್ನೆ ಪಾಶ್ಚಾತ್ಯ ಗಾಯಕನಿಗೆ ಸಹಜವಾಗಿ ಒಗ್ಗುತ್ತದೆ. ಹಿಂದುಸ್ತಾನೀ ಗಾಯಕನು ಅದಕ್ಕೆ ಹಾಡಿನ ಹೆಸರನ್ನು ಹೇಳುವ ಮೊದಲು ಕಿವಿಯನ್ನು ಮುಟ್ಟಿಕೊಂಡು ಗುರುವಿನ ಹೆಸರನ್ನು ಹೇಳುತ್ತಾನೆ.

ಇನ್ನು ದೋಷಗಳ ವಿಚಾರ. ದ್ವೀಪವು ನಿರ್ಜನವೆಂಬುದು ಕಟ್ಟುಕಥೆ. ವಾಸ್ತವದಲ್ಲಿ ಲಕ್ಷಾಂತರ ಜನರು ಕಿವಿಗೊಟ್ಟಿರುತ್ತಾರೆ. ಏಕಾಂತವನ್ನು ನಟಿಸುತ್ತ ಬಹಿರಂಗದಲ್ಲಿ ಮಾತನಾಡುವ ಈ ಸಂಕಟದಿಂದ ಅತಿಥಿಗೆ ಬಿಡುಗಡೆಯಿಲ್ಲ. ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ 1958ರಲ್ಲಿ ಆಯ್ದ ಎಂಟು ತಟ್ಟೆಗಳಲ್ಲಿ ಏಳು ಆಕೆಯವೇ ಆಗಿದ್ದವು. ಅಂದಿನಿಂದಲೂ ಅದು ಅಹಂಕಾರಕ್ಕೆ ಗಾದೆಯ ಮಾತಾಗಿದೆ. ಆದರೆ ನ್ಯಾಯವಾಗಿ ನೋಡಿದರೆ ಗೀತನಾಟಕದ ತಟ್ಟೆ ಒಬ್ಬರದಲ್ಲ. ಸಹಗಾಯಕರು, ವಾದ್ಯವೃಂದ, ಅದರ ನಿರ್ದೇಶಕ ಇವರೆಲ್ಲರ ಸಹವಾಸದ ನೆನಪು ಅದರಲ್ಲಿ ಅಡಗಿರುತ್ತದೆ. ಒಂಟಿಯಾದವಳು ತನ್ನ ಸಂಗಡಿಗರನ್ನು ಕೂಗಿ ಕರೆದಳೆಂದು ಏಕೆ ಭಾವಿಸಬಾರದು? ಜನರು ನಕ್ಕರು, ನಗುವುದು ಸುಲಭ. ಮುಂದೆ ಬಂದವರು ಈ ನಗೆಗೆ ಅಂಜಿ ವಿನಯದ ವೇಷವನ್ನು ಧರಿಸುವಂತಾದರೆ ಅದೂ ಸತ್ಯಕ್ಕೆ ಲಾಭವಲ್ಲ.

ಎರಡನೆಯ ದೋಷ ನೆನಪಿನದು. ಪ್ರೌಢನಾದ ಕಲಾವಿದನು ಬಾಲ್ಯವನ್ನು ಹೇಳುವಾಗ ಇಂದಿನ ಕೀರ್ತಿಯ ಬೆಳಕಿನಲ್ಲಿ ಅಂದಿನ ಕತ್ತಲನ್ನು ನೋಡುತ್ತಾನೆ. ಹತ್ತಾರು ಕಡೆ ಹೇಳಿದ ಕಥೆ ದೇವಾಲಯದ ಮೆಟ್ಟಿಲಿನಂತೆ ಸವೆದು ನುಣುಪಾಗಿರುತ್ತದೆ. ಅದನ್ನು ಮತ್ತೆ ಒರಟಾಗಿಸಬಲ್ಲವನು ಪ್ರಶ್ನೆ ಕೇಳುವವನು. 'ಆ ಹಾಡಿನ ಯಾವ ಎಡೆಯಲ್ಲಿ ಮನಸ್ಸು ನಿಂತಿತು? ಸ್ವರದಲ್ಲೋ, ಲಯದಲ್ಲೋ, ಉಸಿರು ಹಿಡಿದ ಬಗೆಯಲ್ಲೋ?' ಎಂದು ಕೇಳಿದರೆ ಕಂಠಪಾಠದ ಉತ್ತರ ಸಾಲದು. ಕಲಾವಿದನು ಮತ್ತೊಮ್ಮೆ ಕೇಳುಗನಾಗಬೇಕಾಗುತ್ತದೆ. ಇಂಥ ಪ್ರಶ್ನೆಗಳು ವಿರಳ. ಹಾಡು ಹುಟ್ಟಿಸಿದ ದುಃಖವನ್ನು ಕೆದಕುವವರು ಹೆಚ್ಚು. ಹಾಡನ್ನೇ ವಿಚಾರಿಸುವವರು ಕಡಮೆ. ಅದರ ಮೇಲೆ, ಹಕ್ಕುಗಳ ತೊಡಕಿನಿಂದ ಪಾಡ್‌ಕಾಸ್ಟಿನಲ್ಲಿ ಹಾಡಿನ ಭಾಗವನ್ನು ರೇಡಿಯೋವಿನಲ್ಲಿದ್ದುದಕ್ಕಿಂತಲೂ ಮೊಟಕುಗೊಳಿಸುತ್ತಾರೆ. ಮಾತು ಇಡಿಯಾಗಿ ಉಳಿದು ಹಾಡು ಚೂರಾಗುತ್ತದೆ. ಮದುವೆಯಲ್ಲಿ ಬೀಗರ ಉಪಚಾರವೇ ಹೆಚ್ಚಾಗಿ ವಧೂವರರನ್ನು ಮರೆತಂತೆ.

ಈ ಕೊರತೆಗೆ ಮದ್ದಿನಂತೆ ತೋರುವುದು ಅಮೆರಿಕದ ಸಂಗೀತಗಾರ ಹೃಷಿಕೇಶ ಹಿರ್ವೇ 2014ರಲ್ಲಿ ಆರಂಭಿಸಿದ 'ಸಾಂಗ್ ಎಕ್ಸ್‌ಪ್ಲೋಡರ್' ಎಂಬ ಪಾಡ್‌ಕಾಸ್ಟ್. ಇದರಲ್ಲಿ ಕಲಾವಿದನು ತನ್ನದೇ ಒಂದು ಹಾಡನ್ನು ಬಿಡಿಸಿ ತೋರಿಸುತ್ತಾನೆ. ಕಂಠ, ತಂತಿವಾದ್ಯ, ತಾಳವಾದ್ಯಗಳ ಬೇರೆ ಬೇರೆ ಮುದ್ರಣಗಳನ್ನು ಒಂದೊಂದಾಗಿ ಕೇಳಿಸುತ್ತಾರೆ. ಇವು ಹೇಗೆ ಒಂದುಗೂಡಿದುವೆಂದು ಕಲಾವಿದನು ವಿವರಿಸುತ್ತಾನೆ. ಹಿರ್ವೇ ತಮ್ಮ ಪ್ರಶ್ನೆಗಳನ್ನು ಬಹುಮಟ್ಟಿಗೆ ಅಳಿಸಿ ತಾವು ಮರೆಗೆ ಸರಿಯುತ್ತಾರೆ. ಕೊನೆಯಲ್ಲಿ ಇಡಿಯ ಹಾಡು ಒಮ್ಮೆ ಕೇಳಿಬರುತ್ತದೆ. ಮಾತಿನ ದಾರಿ ಹಾಡಿನ ಮನೆಯನ್ನು ಸೇರಬೇಕೆಂಬ ಔಚಿತ್ಯಜ್ಞಾನ ಈ ರಚನೆಯಲ್ಲಿದೆ. ಆದರೆ ಇದೂ ಪೂರ್ಣವಲ್ಲ. ಇಲ್ಲಿ ಕಲಾವಿದನು ಕಾಣುವುದು ಕಟ್ಟಿದವನಾಗಿ. ಕಟ್ಟುವ ಮೊದಲು ಅವನು ಯಾರ ಹೊಸ್ತಿಲಲ್ಲಿ ನಿಂತಿದ್ದನೆಂಬುದು ಪ್ರಸಂಗವಶಾತ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದರಲ್ಲಿ ಋಣವುಂಟು, ಶಿಲ್ಪ ಕಡಮೆ. ಇನ್ನೊಂದರಲ್ಲಿ ಶಿಲ್ಪವುಂಟು, ಋಣ ಕಡಮೆ.

ಇವೆರಡಕ್ಕೂ ಸಾಮಾನ್ಯವಾದ ಇನ್ನೊಂದು ಮಿತಿಯಿದೆ. ಅದೇ ಎಲ್ಲಕ್ಕಿಂತ ಗಂಭೀರವಾದುದು. ಮುದ್ರಣವಾದ ಧ್ವನಿ ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ಬೀಸುಕಲ್ಲಿನ ಪದ, ಮಠದ ಭಜನೆ, ಅಜ್ಜಿಯ ಜೋಗುಳ ಇವುಗಳಿಗೆ ತಟ್ಟೆಯೆಲ್ಲಿ? ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತವನ್ನು ಬಲ್ಲ ಗಾಯಕಿ. ಮಗಳು ಕಲಿಯುತ್ತಿದ್ದ ಹಿಂದುಸ್ತಾನೀ ಪದ್ಧತಿಗೆ ತನ್ನ ಪದ್ಧತಿಯ ಬೆರಕೆಯಾಗಬಾರದೆಂದು ಆಕೆ ತನ್ನ ಹಾಡುಗಾರಿಕೆಯನ್ನೇ ನಿಲ್ಲಿಸಿದಳು. ಮಗಳನ್ನು ರೂಪಿಸಿದುದರಲ್ಲಿ ತಾಯಿ ಹಾಡಿದ ಹಾಡಿಗೆ ಪಾಲಿದ್ದಂತೆ ಹಾಡದೆ ತಡೆದುಕೊಂಡ ಹಾಡಿಗೂ ಪಾಲಿದೆ. ಆ ಮೌನವನ್ನು ಯಾವ ದ್ವೀಪಕ್ಕೆ ಒಯ್ಯಬಹುದು? ಎಂಟು ತಟ್ಟೆಗಳ ಲೆಕ್ಕದಲ್ಲಿ ಅದಕ್ಕೆ ಅಂಕಣವಿಲ್ಲ. ಅದನ್ನು ಹೊರತರಬಲ್ಲುದು ನಿಧಾನವಾದ, ಗೌರವದಿಂದ ಕೂಡಿದ, ಉತ್ತರಕ್ಕಾಗಿ ಕಾಯಬಲ್ಲ ಸಂಭಾಷಣೆಯೊಂದೇ.

ಕನ್ನಡದಲ್ಲಿ ಇಂಥ ಸಂಭಾಷಣೆಗಳನ್ನು ನಡೆಸುವವರು ದ್ವೀಪದ ಕಟ್ಟಳೆಯನ್ನು ಹಾಗೆಯೇ ಎರವಲು ತರಬೇಕಾದುದಿಲ್ಲ. ಅದರ ಮಿತಿಯ ಶಿಸ್ತನ್ನು ತಂದರೆ ಸಾಕು. ಗುರುವಿನ ಹೆಸರು ಬಂದ ಕೂಡಲೇ ಭಕ್ತಿಯಿಂದ ಮಾತು ನಿಲ್ಲಿಸದೆ, ಆ ಗುರು ಯಾವ ದಿನ ಯಾವ ಚೀಜನ್ನು ಹೇಗೆ ತಿದ್ದಿದರೆಂದು ಕೇಳಬೇಕು. ತಟ್ಟೆಯಿಲ್ಲದ ಹಾಡಿಗೂ ಎಡೆ ಕೊಟ್ಟು, ನೆನಪಿದ್ದಷ್ಟನ್ನು ಕಲಾವಿದನಿಂದಲೇ ಹಾಡಿಸಬೇಕು. ಮಾತು ಮುಗಿದ ಮೇಲೆ ಹಾಡು ಕೇಳಿಬರಬೇಕು, ಮೊಟಕಾಗದೆ. ಪೂರ್ವಕವಿಸ್ಮರಣೆಯ ಪದ್ಯಗಳನ್ನು ಓದಿದ ಸಹೃದಯನು ಪೀಠಿಕೆಯಲ್ಲೇ ನಿಲ್ಲದೆ ಕಾವ್ಯಕ್ಕೆ ನಡೆಯುತ್ತಾನೆ. ಕೇಳುವವನನ್ನು ಹಾಗೆ ಹಾಡಿನ ಬಳಿಗೆ ಕಳುಹಿಸಿ ತಾನು ಹಿಂದುಳಿಯುವ ಸಂಭಾಷಣೆಯೇ ಸಾರ್ಥಕವಾದುದು.