ತೊಟ್ಟಿಲು ಕಪ್ಪಾಗಿದೆ

ಮಾರ್ಗಶಿರ, ಪುಷ್ಯದ ರಾತ್ರಿಗಳಲ್ಲಿ ಊರ ದೀಪಗಳನ್ನು ಹಿಂದೆ ಬಿಟ್ಟು ನಿಂತರೆ, ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ಮಸುಕಾದ ಚುಕ್ಕೆಯೊಂದು ಕಾಣುತ್ತದೆ. ಬೈನಾಕ್ಯುಲರ್ ಹಿಡಿದರೆ ಅದು ಹಿಂಜಿದ ಅರಳೆಯಂಥ ಬೆಳಕು. ಸುಮಾರು 1,350 ಜ್ಯೋತಿರ್ವರ್ಷ ದೂರದ ಈ ಓರಿಯನ್ ನೀಹಾರಿಕೆಯನ್ನು ‘ನಕ್ಷತ್ರಗಳ ತೊಟ್ಟಿಲು’ ಎಂದು ಪರಿಚಯಿಸುವುದು ರೂಢಿ. ಹೊಳೆಯುವ ಅನಿಲದಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ, ಅಡ್ಡ ಬಂದ ದೂಳು ಆ ನೋಟವನ್ನು ಮರೆಮಾಡಿದೆ ಎಂದು ಕೇಳುವವರು ತಿಳಿಯುತ್ತಾರೆ. ಈ ತಿಳಿವಳಿಕೆ ತಲೆಕೆಳಗಾಗಿದೆ ಎಂಬುದು ನನ್ನ ವಾದ.

ಅನಿಲ ಏಕೆ ಹೊಳೆಯುತ್ತದೆ ಎಂದು ಮೊದಲು ಕೇಳಬೇಕು. ಓರಿಯನ್ ನೀಹಾರಿಕೆಯ ನಡುವೆ ಟ್ರೆಪೀಜಿಯಂ ಎಂಬ ಕಿರಿಯ ನಕ್ಷತ್ರಗಳ ಗುಂಪಿದೆ. ಅವು ಆಗಲೇ ಹುಟ್ಟಿಯಾಗಿದೆ. ಅವುಗಳಲ್ಲಿ ದೊಡ್ಡದು ಸೂಸುವ ನೇರಳಾತೀತ ಕಿರಣಗಳು ಸುತ್ತಲಿನ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತವೆ. ಅವು ಮತ್ತೆ ಕೂಡಿಕೊಳ್ಳುವಾಗ ಕೆಂಪು ಬೆಳಕು ಹೊರಬೀಳುತ್ತದೆ. ಆ ಅನಿಲದ ಉಷ್ಣತೆ ಸುಮಾರು 10,000 ಕೆಲ್ವಿನ್. ಅಷ್ಟು ಕಾದ ಅನಿಲ ಗುರುತ್ವಕ್ಕೆ ಮಣಿದು ಕುಗ್ಗುವುದಿಲ್ಲ. ಉಬ್ಬಿ ಹೊರಗೆ ಹರಿದುಹೋಗುತ್ತದೆ. ನಾವು ಹುಟ್ಟಿನ ಬೆಳಕೆಂದು ಮೆಚ್ಚುವುದು ಮೋಡ ಚೆದುರಿಹೋಗುತ್ತಿರುವ ಬೆಳಕು.

ಹುಟ್ಟು ನಡೆಯುವುದು ಅದರ ಹಿಂದೆ. ಓರಿಯನ್ ನೀಹಾರಿಕೆ ಒಂದು ಬೃಹತ್ ಕಪ್ಪು ಮೋಡದ ನಮ್ಮತ್ತಲಿನ ಮುಖದಲ್ಲಿ ಕೊರೆದ ಹೊಳೆಯುವ ಗುಳಿ, ಅಷ್ಟೆ. ಆ ಕತ್ತಲಿನಲ್ಲಿ ಅಡಗಿದ್ದ ಒಂದು ಎಳೆಯ, ಭಾರೀ ಕಾಯವನ್ನು ಬೆಕ್ಲಿನ್ ಮತ್ತು ನೊಯ್ಗೆಬಾವರ್ 1967ರಲ್ಲಿ ಅವಕೆಂಪು ಬೆಳಕಿನಲ್ಲಿ ಪ್ರಕಟಪಡಿಸಿದರು. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ.

ಈಗ ದೂಳಿನ ಮಾತು. ಮೋಡದ ದ್ರವ್ಯದಲ್ಲಿ ಅದರ ಪಾಲು ಸುಮಾರು ನೂರಕ್ಕೆ ಒಂದು. ಕಣಗಳು ತಲೆಗೂದಲ ದಪ್ಪದ ನೂರರಲ್ಲೊಂದು ಪಾಲಿಗೂ ಸಣ್ಣವು: ಸಿಲಿಕೇಟು, ಇಂಗಾಲ, ಮೇಲೆ ಹಿಮದ ಲೇಪ. ಇಷ್ಟು ಕಡಿಮೆ ಇರುವುದನ್ನು ಕಸವೆಂದು ಕಡೆಗಣಿಸುವುದು ಸುಲಭ. ಆದರೆ ತೆರವಾದ ಆಕಾಶದಲ್ಲಿ ಎರಡು ಹೈಡ್ರೋಜನ್ ಪರಮಾಣುಗಳು ಢಿಕ್ಕಿ ಹೊಡೆದರೂ ಜೋಡಿಯಾಗಲಾರವು. ಕೂಡುವಾಗ ಬಿಡುಗಡೆಯಾಗುವ ಶಕ್ತಿಯನ್ನು ಇಳಿಸಲು ಜಾಗವಿಲ್ಲದೆ ಮತ್ತೆ ಅಗಲುತ್ತವೆ. ದೂಳಿನ ಕಣದ ಮೇಲೆ ಬಂದು ಕೂತಾಗ ಮಾತ್ರ ಆ ಹೆಚ್ಚುವರಿ ಶಕ್ತಿಯನ್ನು ಕಣ ತಾನು ಹೀರಿಕೊಳ್ಳುತ್ತದೆ, ಅಣು ಉಳಿಯುತ್ತದೆ. ಇಂದಿನ ನಮ್ಮ ಗ್ಯಾಲಕ್ಸಿಯ ಹೈಡ್ರೋಜನ್ ಅಣುಗಳೆಲ್ಲ ಬಹುತೇಕ ಹೀಗೇ ಆದವು. ಆಮೇಲೆ ಬಾಣಂತಿ ಕೋಣೆಯ ಕಿಟಕಿ ಮುಚ್ಚುವ ಅಜ್ಜಿಯಂತೆ ಅದೇ ದೂಳು ಹೊರಗಿನ ನೇರಳಾತೀತ ಕಿರಣಗಳನ್ನು ತಡೆದು ಅಣುಗಳನ್ನು ಕಾಯುತ್ತದೆ. ಒಳಗೆ ಉಷ್ಣತೆ 10 ಕೆಲ್ವಿನ್ ಆಸುಪಾಸಿಗೆ ಇಳಿಯುತ್ತದೆ. ಆ ಚಳಿಯಲ್ಲಿ ಅನಿಲದ ಒತ್ತಡ ಸೋತು ಗುರುತ್ವ ಗೆಲ್ಲುತ್ತದೆ. ನಕ್ಷತ್ರ ಮೂಡುವುದು ಹಾಗೆ. ಉಳಿದ ದೂಳು ಅದರ ಸುತ್ತ ತಟ್ಟೆಯಾಗಿ ಮುಂದೆ ಗ್ರಹಗಳಿಗೆ ಮಣ್ಣು ಒದಗಿಸುತ್ತದೆ. ಇದನ್ನು ಅಡ್ಡಿ ಎನ್ನುವುದು ಎಂಥ ಅನ್ಯಾಯ!

ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಹರ್ಷೆಲ್ ಇಂಥ ಕಪ್ಪು ಜಾಗಗಳನ್ನು ಆಕಾಶದ ತೂತುಗಳೆಂದುಕೊಂಡಿದ್ದರು. ಅದು ಕ್ಷಮಿಸಬಹುದಾದ ತಪ್ಪು. ಅವರ ಬಳಿ ಅವಕೆಂಪು ದೂರದರ್ಶಕ ಇರಲಿಲ್ಲ. ನಮ್ಮ ಬಳಿ ಇದೆ.

ಇನ್ನು ಈಗಲ್ ನೀಹಾರಿಕೆಯ ‘ಸೃಷ್ಟಿಯ ಸ್ತಂಭಗಳು’. 1995ರ ಹಬಲ್ ಚಿತ್ರದಿಂದ ಲೋಕಪ್ರಸಿದ್ಧವಾದ ಆ ಕಂಬಗಳು ನೆರೆಯ ಬಿಸಿ ನಕ್ಷತ್ರಗಳ ಕಿರಣಗಳಿಗೆ ಸಿಕ್ಕು ಸವೆದು ಉಳಿದ ತುಂಡುಗಳು. ಹತ್ತು ಲಕ್ಷ ವರ್ಷಕ್ಕೆ ಸುಮಾರು 70 ಸೂರ್ಯರಷ್ಟು ದ್ರವ್ಯ ಆವಿಯಾಗುತ್ತಿದೆ, ಇನ್ನು ಸುಮಾರು 30 ಲಕ್ಷ ವರ್ಷದಲ್ಲಿ ಅವು ಇರಲಾರವು ಎಂದು ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪ್ ಬಳಸಿದ 2015ರ ಅಧ್ಯಯನ ಲೆಕ್ಕ ಹಾಕಿತು.

ಆ ಕಿರಣಗಳ ಒತ್ತಡವೇ ಮೋಡವನ್ನು ಅದುಮಿ ಹೊಸ ನಕ್ಷತ್ರಗಳನ್ನು ಹುಟ್ಟಿಸಬಹುದಲ್ಲವೇ ಎಂದು ತಿಳಿದವರು ಕೇಳುತ್ತಾರೆ. ಕೆಲವೆಡೆ ಹಾಗಾಗಬಹುದು, ಒಪ್ಪುತ್ತೇನೆ. ಆದರೆ ಈ ಕಂಬಗಳ ಮೇಲಿನ, ‘ಮೊಟ್ಟೆ’ಗಳೆಂದೇ ಹೆಸರಾದ 73 ಪುಟ್ಟ ಗಂಟುಗಳನ್ನು ಅವಕೆಂಪಿನಲ್ಲಿ ಪರೀಕ್ಷಿಸಿದಾಗ ಎಳೆಯ ನಕ್ಷತ್ರದ ಸುಳಿವು ಸಿಕ್ಕಿದ್ದು 11ರಲ್ಲಿ ಮಾತ್ರ. ಸಿಕ್ಕಲ್ಲಿಯೂ ಅದು ದಟ್ಟವಾದ ಗಂಟಿನೊಳಗೆ, ಹೊಳೆಯುವ ಅಂಚಿನ ಹೊರಗಲ್ಲ.

2022ರ ಅಕ್ಟೋಬರಿನಲ್ಲಿ ವೆಬ್ ದೂರದರ್ಶಕದಿಂದ ಇದೇ ಕಂಬಗಳ ಎರಡು ಚಿತ್ರಗಳು ಹತ್ತು ದಿನದೊಳಗೆ ಬಂದವು. ಮೊದಲನೆಯದು ಸಮೀಪದ ಅವಕೆಂಪಿನದು, ನಕ್ಷತ್ರಗಳು ಕಿಕ್ಕಿರಿದದ್ದು. ವೆಬ್ ದೂಳಿನ ಪರದೆ ಸರಿಸಿತು ಎಂದು ಎಲ್ಲರೂ ಕೊಂಡಾಡಿದರು. ಎರಡನೆಯದರಲ್ಲಿ, ಮಧ್ಯ ಅವಕೆಂಪಿನಲ್ಲಿ, ನಕ್ಷತ್ರಗಳು ಬಹುಪಾಲು ಮಾಯವಾಗಿ ಬೂದುಬಣ್ಣದ ದೂಳೇ ಚಿತ್ರವನ್ನು ತುಂಬಿತ್ತು. ನನ್ನ ಮಟ್ಟಿಗೆ ಹೆಚ್ಚು ನಿಜ ಹೇಳುವುದು ಈ ಎರಡನೆಯ ಚಿತ್ರ. ಗೋಡೆಗೆ ಹಾಕುವುದಾದರೆ ಅದನ್ನು ಹಾಕಬೇಕು.

ಓರಿಯನ್ ನೀಹಾರಿಕೆಯನ್ನು ದೂರದರ್ಶಕದಲ್ಲಿ ನೋಡಿದರೆ, ಬೆಳಕಿನೊಳಕ್ಕೆ ಚಾಚಿದ ಕಪ್ಪು ಕೊಲ್ಲಿಯೊಂದು ಕಾಣುತ್ತದೆ. ಮೀನಿನ ಬಾಯಿ ಎಂದು ಅದಕ್ಕೆ ಹೆಸರು. ಮುಂದಿನ ಮಾರ್ಗಶಿರದಲ್ಲಿ ಮಕ್ಕಳಿಗೆ ನೀಹಾರಿಕೆ ತೋರಿಸುವಾಗ ದಯವಿಟ್ಟು ಅದನ್ನೂ ತೋರಿಸಿ. ಅದು ತೂತಲ್ಲ, ದೂಳು ಎಂದು ಹೇಳಿ.