‘ಗುಂಡಿಗೆ ಬಲಿಯಾದ ನವೋದಯ’: ಒಂದು ವಿವೇಚನೆ

ನೆರೆಯವರ ಸಾಹಿತ್ಯವನ್ನು ಅವರದೇ ಭಾಷೆಯಲ್ಲಿ ತನ್ನ ಮುದ್ರಣಾಲಯದಿಂದ ಹೊರತರುವ ಔದಾರ್ಯ ವಿರಳ. ಉಭಯರ ನಡುವಣ ರಕ್ತಪಾತದ ಸ್ಮೃತಿ ಇನ್ನೂ ಹಸಿಯಾಗಿರುವಾಗ ಅದು ವಿರಳಾತಿವಿರಳ. 1959ರಲ್ಲಿ ಪ್ಯಾರಿಸಿನಿಂದ ಪ್ರಕಟವಾದ ‘ಗುಂಡಿಗೆ ಬಲಿಯಾದ ನವೋದಯ’ ಎಂಬ ಉಕ್ರೇನಿ ಸಂಕಲನವನ್ನು ಈ ದೃಷ್ಟಿಯಿಂದ ಪರಾಮರ್ಶಿಸುವುದು ಯುಕ್ತ.

ಸಂಕಲನಕಾರರು ದೇಶಭ್ರಷ್ಟ ಉಕ್ರೇನಿ ವಿದ್ವಾಂಸ ಯೂರಿ ಲವ್ರಿನೆಂಕೊ. ಪ್ರಕಾಶಕರಾದರೋ ಪೋಲಿಷರು, 1947ರಿಂದ 2000ದವರೆಗೆ ‘ಕುಲ್ತೂರಾ’ ಪತ್ರಿಕೆಯನ್ನು ನಡೆಸಿದ ಯೆಜಿ ಗೆದ್ರೊಯ್ತ್ಸ್. ಗ್ರಂಥಕ್ಕೆ ಈ ಹೆಸರನ್ನು ಸೂಚಿಸಿದವರೂ ಅವರೇ. 1917ರಿಂದ 1933ರವರೆಗಿನ ಕಾವ್ಯ, ಕಥೆ, ನಾಟಕ, ಪ್ರಬಂಧಗಳು ಇಲ್ಲಿ ಸಂಗ್ರಹಗೊಂಡಿವೆ. ಇದರಲ್ಲಿರುವ ಕವಿ ಝೆರೋವ್, ಕಾದಂಬರಿಕಾರ ಪಿದ್ಮೊಹಿಲ್ನಿ, ನಾಟಕಕಾರ ಕುಲಿಶ್ ಈ ಮೂವರೂ 1937ರ ನವೆಂಬರ್ 3ರಂದು ಸಂದರ್ಮೋಖ್ ಅರಣ್ಯದಲ್ಲಿ ಸೋವಿಯತ್ ಪೊಲೀಸರ ಗುಂಡಿಗೆ ಗುರಿಯಾದವರು. ನಂದಿಹೋದ ಒಂದು ತಲೆಮಾರಿನ ದನಿಯನ್ನು ಉಳಿಸಿಕೊಟ್ಟದ್ದು ಈ ಗ್ರಂಥದ ಹಿರಿಮೆ.

ಹಿನ್ನೆಲೆಯನ್ನು ನೆನೆದರೆ ಇದರ ಬೆಲೆ ಇನ್ನೂ ಸ್ಪಷ್ಟವಾದೀತು. 1918–19ರಲ್ಲಿ ಲ್ವಿವ್ ನಗರಕ್ಕಾಗಿ ಉಭಯರೂ ಯುದ್ಧ ಮಾಡಿದ್ದರು. 1943ರಲ್ಲಿ ವೊಲಿನ್ ಪ್ರಾಂತ್ಯದಲ್ಲಿ ಉಕ್ರೇನಿ ದಂಗೆಕೋರ ಸೇನೆಯಿಂದ ಹತರಾದ ಪೋಲಿಷರು ಹತ್ತಾರು ಸಾವಿರ. ಪ್ರತೀಕಾರಕ್ಕೆ ಬಲಿಯಾದ ಉಕ್ರೇನಿಯರೂ ಸಾವಿರಾರು. 1947ರಲ್ಲಿ ಪೋಲೆಂಡ್ ಸರ್ಕಾರ ಸುಮಾರು 1,40,000 ಜನರನ್ನು, ಬಹುಪಾಲು ಉಕ್ರೇನಿಯರನ್ನು, ಅವರ ಊರುಗಳಿಂದ ಎಬ್ಬಿಸಿ ದೇಶದ ಪಶ್ಚಿಮ, ಉತ್ತರ ಭಾಗಗಳಿಗೆ ಸಾಗಿಸಿತು. ಇಂತಹ ಕಾಲದಲ್ಲಿ, 1952ರಲ್ಲಿ, ಲ್ವಿವ್ ಉಕ್ರೇನಿಯರಿಗೂ ವಿಲ್ನಿಯಸ್ ಲಿಥುವೇನಿಯರಿಗೂ ಸಲ್ಲಲೆಂಬ ಮಾಯೆವ್‌ಸ್ಕಿ ಎಂಬ ಪಾದ್ರಿಯ ಪತ್ರವನ್ನು ಗೆದ್ರೊಯ್ತ್ಸ್ ಪ್ರಕಟಿಸಿದರು. ವಲಸಿಗ ಪೋಲಿಷರ ಕೋಪಕ್ಕೆ ಅಂಜಲಿಲ್ಲ. ಇದೇ ನಿಲುವನ್ನು ಯೂಲಿಯುಷ್ ಮೆರೊಷೆವ್‌ಸ್ಕಿ 1974ರ ಪ್ರಬಂಧದಲ್ಲಿ ಸಿದ್ಧಾಂತವಾಗಿ ಬೆಳೆಸಿದರು. 1991ರ ಡಿಸೆಂಬರ್ 2ರಂದು ಉಕ್ರೇನಿನ ಸ್ವಾತಂತ್ರ್ಯವನ್ನು ಎಲ್ಲರಿಗಿಂತ ಮೊದಲು ಮನ್ನಿಸಿದ ದೇಶ ಪೋಲೆಂಡ್ ಆದುದರ ಹಿಂದೆ ಈ ಚಿಂತನೆಯ ಬಲವಿತ್ತು.

ಆದರೂ ಒಂದು ನ್ಯೂನತೆಯನ್ನು ಹೇಳದೆ ವಿಧಿಯಿಲ್ಲ. ಈ ಚಿಂತಕರು ಗಡಿಯ ಪ್ರಶ್ನೆಯನ್ನು ಎದುರಿಸಿದಷ್ಟು ನಿಷ್ಠುರವಾಗಿ ಸಮಾಧಿಗಳ ಪ್ರಶ್ನೆಯನ್ನು ಎದುರಿಸಲಿಲ್ಲ. ಸಂಕಲನದ ಮೃತರು ಮೂರನೆಯವರ ಕೈಯಿಂದ ಸತ್ತವರು. ಅಂಥವರಿಗಾಗಿ ಜೊತೆಗೂಡಿ ಮರುಗುವುದು ಸುಲಭ. ಪರಸ್ಪರರ ಕೈಯಿಂದಲೇ ಸತ್ತವರ ಲೆಕ್ಕ ಹಿಂದೆ ಬಿತ್ತು. ಪುಜ್ನಿಕಿ ಎಂಬ ಗ್ರಾಮದಲ್ಲಿ 1945ರಲ್ಲಿ ಹತರಾದ ಪೋಲಿಷರ ಅಸ್ಥಿಗಳು ಮಣ್ಣಿನಿಂದ ಮೇಲೆ ಬಂದು ಸಂಸ್ಕಾರ ಕಂಡದ್ದು 2025ರಲ್ಲಿ.

ನ್ಯೂನತೆಗೆ ಮದ್ದೂ ಈ ಗ್ರಂಥದಲ್ಲಿಯೇ ಇದೆ. ಪೋಲಿಷ್ ಮುದ್ರಣಾಲಯವೊಂದು ಉಕ್ರೇನಿನ ಮೃತರಿಗೆ ದನಿಯಾಯಿತು. ವೊಲಿನ್‌ನ ಮೃತರ ಹೆಸರುಗಳನ್ನು ಉಕ್ರೇನಿಯರೂ, 1947ರಲ್ಲಿ ನೆಲೆ ಕಳೆದುಕೊಂಡವರ ಹೆಸರುಗಳನ್ನು ಪೋಲಿಷರೂ ಹೀಗೆಯೇ ಅಚ್ಚು ಹಾಕಿಸಿದಂದು ಗೆದ್ರೊಯ್ತ್ಸರು ತೊಡಗಿದ ಕಾರ್ಯ ಪೂರ್ಣಗೊಂಡೀತು.